ಎಡ ಮಗ್ಗುಲಿಗೆ ಹೊರಳಿ, ಉಸಿರು ಬಿಡಿ

ಎಳ್ಳಮಾವಾಸ್ಯೆಗೆ ಇನ್ನು ಎರಡೇ ದಿನ ಇತ್ತು. ಗದಗಿನಲ್ಲಿ ನಮ್ಮದೊಂದು ಸಣ್ಣ ರೊಟ್ಟಿ ಕೇಂದ್ರ ಇದೆ. ನಾನು, ನನ್ನ ನೆಗೆಣ್ಣಿ, ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳು ಸೇರಿ ನಡೆಸುತ್ತೇವೆ. ಉಳಿದ ದಿನ ಜೋಳದ ಖಡಕ್ ರೊಟ್ಟಿ. ಆ ವಾರ ಮಾತ್ರ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಚರಗ ಚೆಲ್ಲಲು ಹೊಲಕ್ಕೆ ಹೋಗುವ ಮನೆಗಳಿಂದ ಆರ್ಡರ್ ಮೇಲೆ ಆರ್ಡರ್. ಬೆಳಗಿನ 5 ಗಂಟೆಗೆ ಹಂಚು ಇಟ್ಟರೆ ಮಧ್ಯಾಹ್ನದ ತನಕ ಕೈಗೆ ಬಿಡುವಿಲ್ಲ.

ಮೊದಲೆಲ್ಲ ನಾನು ಒಂದೇ ಸಮ 40 ರೊಟ್ಟಿ ಬಡಿದು ಆಮೇಲೆ ನೀರು ಕುಡಿಯಲು ಏಳುತ್ತಿದ್ದೆ. ಅವತ್ತು 15ಕ್ಕೇ ತೇಕು ಹತ್ತಿತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹಿಟ್ಟು ಹತ್ತಿದ ಕೈ ಹಾಗೇ ಹಿಡಿದುಕೊಂಡು ಗೋಡೆಗೆ ಒರಗಿ ಕೂತೆ. ಒಲೆಯ ಹೊಗೆಗೆ ಹೀಗಾಗಿರಬೇಕು ಅಂದುಕೊಂಡೆ. 48 ಆಯಿತಲ್ಲ, ಮುಟ್ಟು ನಿಲ್ಲುವ ಕಾಲ, ಅದಕ್ಕೂ ಇರಬಹುದು ಅಂದುಕೊಂಡೆ. ಹಬ್ಬ ಮುಗಿಯಿತು, ತೇಕು ಹೋಗಲಿಲ್ಲ. ಮನೆಯ ಮಾಳಿಗೆ ಮೆಟ್ಟಿಲು ಹನ್ನೆರಡು. ಏಳನೆಯದಕ್ಕೆ ನಿಲ್ಲತೊಡಗಿದೆ. ನೆಗೆಣ್ಣಿ ಅದನ್ನು ಕೆಳಗಿನಿಂದ ನೋಡಿದಳು. ಮರುದಿನವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ನಮ್ಮ ಓಣಿಯ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಒಮ್ಮೆ ಕೂರಿಸಿ ಕೇಳಿದರು, ಒಮ್ಮೆ ಎಡಕ್ಕೆ ಮಲಗಿಸಿ ಕೇಳಿದರು. ಆಮೇಲೆ, “ಎಷ್ಟು ರೊಟ್ಟಿ ಬಡದ ಮ್ಯಾಲೆ ದಮ್ಮು ಹತ್ತತೈತಿ?” ಅಂತ ಕೇಳಿದರು. ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ಎಷ್ಟು ಮೀಟರ್ ನಡೆದರೆ ಅಂತ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ರೊಟ್ಟಿಯ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ನೀವೂ ಡಾಕ್ಟರ ಹತ್ತಿರ ಹೋದರೆ ನಿಮ್ಮ ದಿನದ ಕೆಲಸದ ಲೆಕ್ಕದಲ್ಲೇ ಹೇಳಿ. ಎಷ್ಟು ಕೊಡ ನೀರು ಎತ್ತಿದರೆ, ಎಷ್ಟು ಮೆಟ್ಟಿಲು ಹತ್ತಿದರೆ, ಮೊದಲು ಎಷ್ಟಿತ್ತು, ಈಗ ಎಷ್ಟು. ಅದರಿಂದ ಅವರಿಗೆ ಬಹಳ ಗೊತ್ತಾಗುತ್ತದೆ.

ಎದೆಯೊಳಗೆ ಲಬ್-ಡಬ್ ಜೊತೆ ಇನ್ನೊಂದು ಸಪ್ಪಳ ಕೇಳಿಸುತ್ತಿದೆ ಅಂದರು. ರಕ್ತ ತಪಾಸಣೆಯಲ್ಲಿ ಹಿಮೋಗ್ಲೋಬಿನ್ 9 ಬಂತು, ಅಂದರೆ ರಕ್ತ ಕಡಿಮೆ. ಇಸಿಜಿ ತೆಗೆದರು. “ಇಸಿಜಿ ಹೃದಯದ ಕರೆಂಟಿನ ಲೆಕ್ಕ ಹೇಳತೈತಿ. ವಾಲ್ವ್ ಹ್ಯಾಂಗ ತೆರೀತೈತಿ, ಹ್ಯಾಂಗ ಮುಚ್ಚತೈತಿ ಅನ್ನೋದು ಎಕೋದಾಗ ಗೊತ್ತಾಗಬೇಕು. ಹುಬ್ಬಳ್ಳಿಗೆ ಹೋಗಿ ಮಾಡಿಸ್ಕೊಂಡು ಬರ್ರಿ” ಅಂತ ಚೀಟಿ ಬರೆದರು.

ಎಕೋ ಅಂದರೆ ಸದ್ದು ಬಿಟ್ಟು ಹೃದಯದ ಒಳಗನ್ನು ತೆರೆಯ ಮೇಲೆ ನೋಡುವ ಪರೀಕ್ಷೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಅವ್ವ ನೆನಪಾದಳು.

ಅವ್ವನಿಗೂ ದಮ್ಮು ಇತ್ತು. ಎರಡು ತಲೆದಿಂಬು ಇಲ್ಲದೆ ಮಲಗುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಪಾದ ಬಾತು ಕಾಲುಂಗುರ ಒತ್ತುತ್ತಿತ್ತು. ಬಹಳ ವರ್ಷದ ಹಿಂದೆ ಅಪ್ಪ ಆಕೆಯನ್ನು ಇದೇ ಪರೀಕ್ಷೆಗೆ ಅಂತ ಒಂದು ಊರಿಗೆ ಕರೆದುಕೊಂಡು ಹೋಗಿದ್ದ. ಸಂಜೆ ಇಬ್ಬರೂ ವಾಪಸ್ ಬಂದರು. ಕೈಯಲ್ಲಿ ರಿಪೋರ್ಟ್ ಇರಲಿಲ್ಲ. ಒಳಗೆ ಹೋದ ಕೂಡಲೇ ಯಾರೋ ಒಬ್ಬರು “ರವಿಕೆ ತೆಗಿ, ಮಲಕೋ” ಅಂದರಂತೆ. ಯಾಕೆ ಅಂತ ಹೇಳಲಿಲ್ಲ. ಕೋಣೆಯಲ್ಲಿ ಇಬ್ಬರು ಗಂಡಸರಿದ್ದರು. ಅವ್ವ ಸೆರಗು ಬಿಗಿಯಾಗಿ ಸುತ್ತಿಕೊಂಡು ಹೊರಗೆ ಬಂದುಬಿಟ್ಟಳು. ಅಪ್ಪ ಎಷ್ಟು ಹೇಳಿದರೂ ಮತ್ತೆ ಒಳಗೆ ಹೋಗಲಿಲ್ಲ. ಆಮೇಲೆ ಯಾರೂ ಆಕೆಯನ್ನು ಒತ್ತಾಯ ಮಾಡಲಿಲ್ಲ. ಅವ್ವ ತೀರಿಕೊಂಡು 9 ವರ್ಷ ಆಯಿತು. ಆಕೆಯ ಹೃದಯದಲ್ಲಿ ಏನು ತೊಂದರೆ ಇತ್ತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ನಾನು ಇಲ್ಲಿ ಏನನ್ನೂ ಮುಚ್ಚಿಡದೆ ಬರೆಯುತ್ತೇನೆ. ಏನೇನು ತೆಗೆಯಬೇಕು, ಎಲ್ಲೆಲ್ಲಿ ಮುಟ್ಟುತ್ತಾರೆ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲ.

ನಾವು ಹೋದದ್ದು ಜನವರಿ ತಿಂಗಳು. ಗದಗಿನಿಂದ ಹುಬ್ಬಳ್ಳಿ ಹತ್ತಿರ ಹತ್ತಿರ 60 ಕಿಲೋಮೀಟರ್. ಅಣ್ಣಿಗೇರಿ ಸುತ್ತ ಕಡಲೆ, ಕುಸುಬಿ, ಜೋಳ ನಿಂತಿದ್ದವು. ನೆಗೆಣ್ಣಿ ಕಿಟಕಿ ಹೊರಗೆ ತೋರಿಸಿ ಏನೇನೋ ಮಾತಾಡಿಸುತ್ತಿದ್ದಳು. ನನಗೆ ಅದ್ಯಾವುದೂ ತಲೆಗೆ ಹೋಗಲಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ ಉದ್ದದ ಪ್ಲಾಟ್‌ಫಾರ್ಮ್ ನಿಮಗೆ ಗೊತ್ತಲ್ಲ, 1,507 ಮೀಟರ್, ಜಗತ್ತಿನಲ್ಲೇ ಎಲ್ಲಕ್ಕಿಂತ ಉದ್ದದ್ದು ಅಂತ 2023ರಲ್ಲಿ ಉದ್ಘಾಟನೆ ಆಯಿತು. ಅದರಲ್ಲಿ ಒಂದಿಷ್ಟು ದೂರ ನಡೆಯುವುದರೊಳಗೆ ನಾನು ಎರಡು ಸಲ ನಿಂತೆ.

ತಮ್ಮ ಸ್ಟೇಷನ್ನಿಗೆ ಬಂದಿದ್ದ. ಅವನು ರೈಲ್ವೆಯಲ್ಲಿ ಇದ್ದಾನೆ, ಹಳಿ ಪರೀಕ್ಷೆ ಮಾಡುವ ತಂಡದಲ್ಲಿ. ಆಟೋದಲ್ಲಿ ಕೂತ ಮೇಲೆ ನನ್ನ ಮುಖ ನೋಡಿ, “ಯಕ್ಕಾ, ಅಂಜಬ್ಯಾಡ. ನಾವು ಹಳಿಗೆ ಮಾಡೋದನ್ನ ಅವರು ನಿನಗ ಮಾಡ್ತಾರ” ಅಂದ. ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಹಳಿಯೊಳಗೆ ಸೀಳು ಬಿಟ್ಟಿದ್ದರೆ ಮೇಲಿನಿಂದ ಕಾಣುವುದಿಲ್ಲ. ಹಳಿಯನ್ನು ಕೊಯ್ದು ನೋಡಲಿಕ್ಕೂ ಆಗುವುದಿಲ್ಲ. ಅದಕ್ಕೆ ಒಂದು ಪ್ರೋಬ್ ಇಟ್ಟು ಒಳಗೆ ಸದ್ದು ಬಿಡುತ್ತಾರೆ. ಮನುಷ್ಯನ ಕಿವಿಗೆ ಕೇಳದಷ್ಟು ಚೂಪಾದ ಸದ್ದು. ಅದು ಒಳಗೆ ಹೋಗಿ ಎಲ್ಲಿ ತಾಕುತ್ತದೋ ಅಲ್ಲಿಂದ ವಾಪಸ್ ಬರುತ್ತದೆ. ವಾಪಸ್ ಬರುವ ಹೊತ್ತು ಲೆಕ್ಕ ಹಾಕಿ ಸೀಳು ಎಲ್ಲಿದೆ ಅಂತ ಹೇಳುತ್ತಾರೆ. “ನಾವು ನೀರು ಬಿಡ್ತೀವಿ, ಅವರು ಜೆಲ್ ಹಚ್ಚತಾರ, ಅಷ್ಟ ಫರಕು” ಅಂದ. ನಡುವೆ ಗಾಳಿ ಉಳಿದರೆ ಸದ್ದು ಒಳಗೆ ಹೋಗುವುದಿಲ್ಲ, ಅದಕ್ಕೇ ನೀರು, ಅದಕ್ಕೇ ಜೆಲ್.

ಅವನು ಹೇಳಿದ್ದು ಎಷ್ಟು ಖರೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಈ ಪರೀಕ್ಷೆ ಮೊದಲು ಆದದ್ದು 1953ರಲ್ಲಿ, ಸ್ವೀಡನ್ ದೇಶದ ಲುಂಡ್ ಊರಿನಲ್ಲಿ. ಇಂಗೆ ಎಡ್ಲರ್ ಅನ್ನುವ ಹೃದಯದ ಡಾಕ್ಟರು, ಹೆಲ್ಮುತ್ ಹರ್ಟ್ಸ್ ಅನ್ನುವ ಭೌತಶಾಸ್ತ್ರದವರು. ಎಡ್ಲರ್ ಅವರಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಒಂದೇ, ಎದೆ ಕೊಯ್ಯದೆ ವಾಲ್ವ್ ಹೇಗಿದೆ ಅಂತ ತಿಳಿಯುವುದು. ಅವರು ಹಡಗು ಕಟ್ಟುವ ಕಾರಖಾನೆಯಿಂದ ಲೋಹದ ಸೀಳು ಹುಡುಕುವ ಮಶೀನನ್ನೇ ಕಡ ತಂದು ಶುರು ಮಾಡಿದರಂತೆ. ಹಡಗಿನ ತಗಡು, ರೈಲಿನ ಹಳಿ, ನನ್ನ ಹೃದಯ. ಮೂರಕ್ಕೂ ಒಂದೇ ವಿದ್ಯೆ.

ನಾನು ಬೆಳಗಿನಿಂದ ಒಂದು ಗುಟುಕು ಚಹಾನೂ ಕುಡಿದಿರಲಿಲ್ಲ. ಪರೀಕ್ಷೆ ಅಂದರೆ ಉಪವಾಸ ಅಂತಲೇ ನಮ್ಮ ಲೆಕ್ಕ ಅಲ್ವಾ? ಕೌಂಟರಿನ ಹುಡುಗಿ, “ಎಕೋಕ್ಕ ಉಪವಾಸ ಬೇಕಿಲ್ರಿ. ಮೊದಲ ಏನರ ತಿಂದು ಬರ್ರಿ” ಅಂದಳು. ದಿನದ ಗುಳಿಗೆ ಇದ್ದರೆ ಅದನ್ನೂ ತೆಗೆದುಕೊಂಡೇ ಬರಬಹುದಂತೆ. ಬೇರೆ ಒಂದು ನಮೂನೆ ಎಕೋ ಇದೆ, ಬಾಯಿಯಿಂದ ಅನ್ನನಾಳದೊಳಗೆ ಸಣ್ಣ ನಳಿಗೆ ಇಳಿಸಿ ಹಿಂದಿನಿಂದ ಹೃದಯ ನೋಡುವುದು. ಅದಕ್ಕೆ ಮಾತ್ರ ಹಲವು ತಾಸು ಹೊಟ್ಟೆ ಖಾಲಿ ಇರಬೇಕು. ಅದು ಎಲ್ಲರಿಗೂ ಬೇಕಾಗುವುದಿಲ್ಲ. ಚೀಟಿಯಲ್ಲಿ ಯಾವುದು ಬರೆದಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಿ. ಸುಮ್ನೆ ಹಸಿದುಕೊಂಡು ಹೋಗಬೇಡಿ.

ಕ್ಯಾಂಟೀನಿನಲ್ಲಿ ಇಡ್ಲಿ ತಿಂದು ಬಂದೆ. ಎತ್ತರ ಅಳೆದರು, ತೂಕ ನೋಡಿದರು, ಬಿಪಿ ನೋಡಿದರು. ಹೃದಯದ ಪರೀಕ್ಷೆಗೆ ಎತ್ತರ ಯಾಕೆ ಅಂತ ಕೇಳಿದೆ. ಮೈಕಟ್ಟು ದೊಡ್ಡದಿದ್ದರೆ ಹೃದಯದ ಕೋಣೆಗಳೂ ಆ ಅಳತೆಗೆ ಇರುತ್ತವೆ, ಸಣ್ಣ ಆಳಿಗೆ ಅದೇ ಅಳತೆ ಜಾಸ್ತಿ ಆಗುತ್ತದೆ ಅಂತ ವಿವರಿಸಿದರು. ಬಿಲ್ಲು 1,800 ರೂಪಾಯಿ ಆಯಿತು. ಸರಕಾರಿ ಆಸ್ಪತ್ರೆಯಲ್ಲಿ ಕಡಿಮೆಗೆ ಆಗುತ್ತದೆ, ಸರದಿ ಕಾಯಬೇಕು ಅಷ್ಟೇ.

ಎಕೋ ಕೋಣೆಯ ಬಾಗಿಲ ಪಕ್ಕ ಒಂದು ಬೋರ್ಡು. ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಅಂತ ಇಲ್ಲಿ ಹೇಳುವುದಿಲ್ಲ, ಅದು ಅಪರಾಧ ಅಂತ ಬರೆದಿತ್ತು. ಹೃದಯದ ಕೋಣೆಗೆ ಇದ್ಯಾಕೆ ಅಂತ ನೆಗೆಣ್ಣಿಗೆ ಅನುಮಾನ. ಮಶೀನಿನ ಜಾತಿ ಒಂದೇ, ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ಕೂಡ ಇದೇ ಸದ್ದಿನಿಂದ. ಅದಕ್ಕೇ 1994ರ ಆ ಕಾಯ್ದೆ ಇದಕ್ಕೂ ತಾಗುತ್ತದೆ. ನನಗೆ ಆ ಬೋರ್ಡು ಒಂದು ನಮೂನೆ ಧೈರ್ಯ ಕೊಟ್ಟಿತು. ಹೊಟ್ಟೆಯಲ್ಲಿರುವ ಕೂಸಿಗೆ ತೊಂದರೆ ಮಾಡದ ಪರೀಕ್ಷೆ ನನಗೇನು ಮಾಡೀತು? ಎಕ್ಸರೇ ಹಾಗೆ ಇದರಲ್ಲಿ ಕಿರಣ ಇಲ್ಲ. ಎಷ್ಟು ಸಲ ಮಾಡಿಸಿದರೂ ಅಪಾಯ ಇಲ್ಲ.

ಒಂದೂವರೆ ತಾಸು ಕೂತೆವು. ನನ್ನ ಪಕ್ಕದಲ್ಲಿ ನವಲಗುಂದ ಕಡೆಯ ಒಬ್ಬ ಆಯಿ ಇದ್ದಳು. ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ. ಆಕೆ ಎರಡೂ ಕೈಯಿಂದ ಅದನ್ನು ಮುಚ್ಚಿ ಹಿಡಿದುಕೊಂಡಿದ್ದಳು. “ಎದಿ ಮ್ಯಾಲಿಂದೆಲ್ಲಾ ತೆಗಿ ಅಂತಾರಂತ. ನಾ ಹುಟ್ಟಿದಾಗಿಂದ ಲಿಂಗಾ ಮೈ ಬಿಟ್ಟಿಲ್ಲವ್ವಾ” ಅಂದಳು. ಆಕೆಯ ಬೆರಳು ನಡುಗುತ್ತಿದ್ದವು. ಪರೀಕ್ಷೆಯ ಹೆದರಿಕೆ ಅಲ್ಲ ಅದು, ಲಿಂಗ ಬಿಚ್ಚಿಡಬೇಕಾದೀತು ಅನ್ನುವ ಸಂಕಟ. ಸಿಸ್ಟರ್ ಹೊರಗೆ ಬಂದಾಗ ನಾನೇ ಎದ್ದು ಕೇಳಿದೆ. ಆ ಸಿಸ್ಟರ್ ಆಯಿಯ ಎದುರು ಮೊಣಕಾಲೂರಿ ಕೂತಳು. “ಆಯಿ, ತೆಗಿಯೂದು ಬ್ಯಾಡ. ಶಿವದಾರ ಹಂಗ ಇರಲಿ. ಬಲಗಡೆ ಹೆಗಲ ಮ್ಯಾಲೆ ಸರಿಸಿ ಹಿಡಕೋ. ನಮಗ ಎಡಗಡೆ ಎದಿ ಸಿಕ್ಕರ ಸಾಕು” ಅಂದಳು. ಆಯಿ ಅಲ್ಲೇ ಕರಡಿಗೆಯನ್ನು ಬಲ ಹೆಗಲಿಗೆ ಸರಿಸಿ ನೋಡಿದಳು. ಒಂದು ಕೈಯಿಂದ ಹಿಡಿದುಕೊಂಡು ಎಡಕ್ಕೆ ವಾಲಿ ನೋಡಿದಳು. ಆಮೇಲೆ ಗಟ್ಟಿಯಾಗಿ ಉಸಿರು ಬಿಟ್ಟಳು.

ಎರಡೇ ಎರಡು ಮಾತು. ನನ್ನ ಅವ್ವನಿಗೂ ಅವತ್ತು ಯಾರಾದರೂ ಹೀಗೆ ಎದುರು ಕೂತು ಎರಡು ಮಾತು ಹೇಳಿದ್ದರೆ ಅಂತ ನನಗೆ ಕಣ್ಣು ತುಂಬಿ ಬಂತು.

ತಾಳಿಯದೂ ಹಾಗೇ. ತೆಗೆಯಬೇಕಾಗಿಲ್ಲ. ಬೆನ್ನ ಹಿಂದಕ್ಕೆ ಹಾಕಿಕೊಂಡರೆ ಆಯಿತು.

ನನ್ನ ಸರದಿ ಬಂತು. ಕೋಣೆ ಅರೆಗತ್ತಲೆ, ಎಸಿ ತಣ್ಣಗೆ. ತೆರೆಯ ಮೇಲಿನ ಚಿತ್ರ ಚೆನ್ನಾಗಿ ಕಾಣಲಿ ಅಂತ ಲೈಟು ಕಡಿಮೆ ಇಟ್ಟಿರುತ್ತಾರೆ. ಡಾಕ್ಟರು ಗಂಡಸರು. ನಾನು ಮೊದಲೇ ಸಿಸ್ಟರಿಗೆ ಕೇಳಿದ್ದೆ, ನೀವು ಮುಗಿಯುವ ತನಕ ಇಲ್ಲೇ ಇರ್ತೀರಲ್ಲ ಅಂತ. ಇರ್ತೀನಿ ಅಂದಿದ್ದಳು, ಇದ್ದಳು. ಇದನ್ನು ಕೇಳುವುದಕ್ಕೆ ಯಾರೂ ಹಿಂಜರಿಯಬೇಡಿ. ಮನೆಯ ಹೆಣ್ಣುಮಕ್ಕಳನ್ನು ಜೊತೆಗೆ ಒಳಗೆ ಬಿಡಿ ಅಂತಲೂ ಕೇಳಬಹುದು.

ಪರದೆಯ ಹಿಂದೆ ರವಿಕೆ, ಒಳಗಿನ ಬಾಡಿ ಎರಡನ್ನೂ ತೆಗೆಯಬೇಕು. ಸೀರೆ ಉಟ್ಟೇ ಇರಬಹುದು. ಮುಂದೆ ಬಿಚ್ಚುವಂಥ ಒಂದು ಗೌನು ಕೊಟ್ಟರು. ನಾನು ಅದರ ಮೇಲೆ ಸೆರಗನ್ನೂ ಹೊದ್ದುಕೊಂಡೆ. ಮುಂಗುಂಡಿಯ ರವಿಕೆ, ಸೀರೆ ಬಹಳ ಅನುಕೂಲ. ಚೂಡಿದಾರ ಹಾಕುವವರು ಮೇಲೆ ಕೆಳಗೆ ಬೇರೆ ಬೇರೆ ಇರುವ ಬಟ್ಟೆ ಹಾಕಿಕೊಂಡು ಹೋಗಿ. ತಲೆಯಿಂದ ಕಾಲಿನ ತನಕ ಒಂದೇ ಇರುವ ಬಟ್ಟೆ ಬೇಡ. ಗೌನು ಕೊಡದಿದ್ದರೆ ಕೇಳಿ. ಅದೂ ಇಲ್ಲದಿದ್ದರೆ ಮನೆಯಿಂದ ಒಂದು ದೊಡ್ಡ ಟವೆಲ್ ಒಯ್ದಿರಿ.

ಮೂರು ಕಡೆ ಸ್ಟಿಕ್ಕರ್ ಅಂಟಿಸಿ ವೈರು ಹಾಕಿದರು. ಎಡ ಮಗ್ಗುಲಿಗೆ ಹೊರಳಿಸಿ, ಎಡಗೈಯನ್ನು ತಲೆಯ ಕೆಳಗೆ ಇಟ್ಟುಕೊಳ್ಳಲು ಹೇಳಿದರು. ಹಾಗೆ ಮಾಡಿದರೆ ಹೃದಯ ಎದೆಗೂಡಿನ ಹತ್ತಿರಕ್ಕೆ ಬರುತ್ತದೆ, ಪುಪ್ಪುಸ ಸ್ವಲ್ಪ ಆಚೆ ಸರಿಯುತ್ತದೆ. ಕೈ ಎತ್ತಿದರೆ ಪಕ್ಕೆಲುಬುಗಳ ನಡುವಿನ ಸಂದು ಅಗಲ ಆಗುತ್ತದೆ. ಸದ್ದು ಎಲುಬಿನೊಳಗಿಂದ ಸರಿಯಾಗಿ ಹೋಗುವುದಿಲ್ಲ, ಗಾಳಿ ತುಂಬಿದ ಪುಪ್ಪುಸದಿಂದಲೂ ಹೋಗುವುದಿಲ್ಲ. ಆ ಸಂದುಗಳೇ ಅವರಿಗೆ ಕಿಟಕಿ.

ಜೆಲ್ ಬಿದ್ದ ಕೂಡಲೇ ಮೈ ಜುಮ್ಮೆಂದಿತು, ಅಷ್ಟು ತಣ್ಣಗೆ. ಅದರ ಮೇಲೆ ಪ್ರೋಬ್ ಇಟ್ಟರು. ನಮ್ಮ ಲಟ್ಟಣಿಗೆಯ ಹಿಡಿಯಷ್ಟು ದಪ್ಪ ಇರಬಹುದು. ಮೊದಲು ಎದೆಯ ನಡು ಎಲುಬಿನ ಎಡಕ್ಕೆ, ಮೂರು ನಾಲ್ಕನೇ ಪಕ್ಕೆಲುಬಿನ ನಡುವೆ. ಆಮೇಲೆ ಎಡ ಮೊಲೆಯ ಕೆಳಗೆ, ಸ್ವಲ್ಪ ಹೊರಗೆ. ಅಲ್ಲಿ ಮೊಲೆಯನ್ನು ಸ್ವಲ್ಪ ಮೇಲಕ್ಕೆ ಸರಿಸಬೇಕಾಗುತ್ತದೆ. ಸಿಸ್ಟರ್ “ನೀವ ಕೈಯಿಂದ ಹಿಡಕೋರಿ” ಅಂದಳು. ನಾನೇ ಹಿಡಿದುಕೊಂಡೆ. ಆ ಜಾಗದಲ್ಲಿ ಪ್ರೋಬನ್ನು ಜೋರಾಗಿ ಒತ್ತುತ್ತಾರೆ. ನೋವು ಅನ್ನುವಷ್ಟಿಲ್ಲ, ಎಲುಬಿನ ಮೇಲೆ ಬೆರಳು ಒತ್ತಿ ಹಿಡಿದ ಹಾಗೆ. ಸಂಜೆಯ ತನಕ ಅಲ್ಲಿ ಒಂದು ಕೆಂಪು ಗುರುತು ಇತ್ತು. ಕಡೆಗೆ ಅಂಗಾತ ಮಲಗಿಸಿ, ಮೊಣಕಾಲು ಮಡಚಿಸಿ, ಹೊಟ್ಟೆಯ ಮೇಲ್ಗಡೆ ಎದೆಗುಂಡಿಯ ಕೆಳಗೆ ಒತ್ತಿದರು. ಆಮೇಲೆ ಗದ್ದ ಮೇಲೆತ್ತಿಸಿ ಕುತ್ತಿಗೆಯ ಕುಳಿಯಲ್ಲಿ. ಇಷ್ಟೇ ನಾಲ್ಕು ಜಾಗ.

“ಉಸಿರು ಹೊರಗ ಬಿಡ್ರಿ. ಹಂಗ ಹಿಡೀರಿ. ಈಗ ಬಿಡ್ರಿ.” ಇದೇ ಮಾತನ್ನು ಹತ್ತಾರು ಸಲ ಕೇಳುತ್ತೀರಿ. ಉಸಿರು ಹೊರಗೆ ಹಾಕಿದಾಗ ಪುಪ್ಪುಸ ಅಡ್ಡ ಬರುವುದಿಲ್ಲ, ಅದಕ್ಕೆ. ನನಗೆ ದಮ್ಮು ಇದ್ದದ್ದರಿಂದ ಹಿಡಿಯುವುದು ಕಷ್ಟ ಆಗುತ್ತಿತ್ತು. ಹೇಳಿದೆ. “ಆಗೂವಷ್ಟ ಹಿಡೀರಿ, ಅವಸರಿಲ್ಲ” ಅಂದರು.

ನಡುವೆ ಒಂದು ಸಲ ಯಾರೋ ಬಾಗಿಲು ತೆಗೆದು ಒಂದು ಫೈಲಿನ ಬಗ್ಗೆ ಕೇಳಿದರು. ಹೊರಗಿನ ಬೆಳಕು ನೇರ ನನ್ನ ಮೇಲೆ ಬಿತ್ತು. ಪರದೆ ಅರ್ಧ ಸರಿದಿತ್ತು. ಆ ಗಳಿಗೆಯಲ್ಲಿ ನನಗೆ ಎದ್ದು ಹೋಗಬೇಕು ಅನ್ನಿಸಿತು. ಅವ್ವನಿಗೆ ಅನ್ನಿಸಿದ್ದೂ ಇದೇ. ಆದರೆ ನಾನು ಏಳಲಿಲ್ಲ. “ಮೊದಲ ಪರದೆ ಎಳೀರಿ, ಆಮ್ಯಾಲೆ ಮಾಡ್ರಿ” ಅಂತ ಗಟ್ಟಿಯಾಗಿ ಹೇಳಿದೆ. ಡಾಕ್ಟರು ಕೈ ನಿಲ್ಲಿಸಿದರು. ಸಿಸ್ಟರ್ ಓಡಿ ಹೋಗಿ ಬಾಗಿಲಿಗೆ ಚಿಲಕ ಹಾಕಿ ಪರದೆ ಎಳೆದಳು. ಡಾಕ್ಟರು “ತಪ್ಪಾತ್ರಿ” ಅಂದರು. ಅಷ್ಟೇ, ಮುಂದೆ ನಡೆಯಿತು. ಇದು ಯಾವ ಆಸ್ಪತ್ರೆಯಲ್ಲೂ ಆಗಬಾರದು. ಪರದೆ, ಚಿಲಕ, ಒಬ್ಬ ಹೆಣ್ಣುಮಗಳು. ಇದಕ್ಕೆ ದುಡ್ಡೇನೂ ಜಾಸ್ತಿ ಬೇಕಾಗಿಲ್ಲ.

ತೆರೆ ನನಗೂ ಕಾಣುವ ಹಾಗೆ ಇತ್ತು. ಕಪ್ಪು ಬಿಳುಪಿನಲ್ಲಿ ಏನೋ ಅಲುಗಾಡುತ್ತಿತ್ತು. ಮೊದಲು ಗುರುತು ಸಿಗಲಿಲ್ಲ. ಆಮೇಲೆ ಒಂದು ತೆಳ್ಳಗಿನ ಬಿಳಿ ಎಳೆ ಫಟ್ ಫಟ್ ಅಂತ ತೆರೆದು ಮುಚ್ಚುವುದು ಕಂಡಿತು. ಅದೇ ನನ್ನ ವಾಲ್ವ್. 48 ವರ್ಷದಿಂದ ಒಂದು ಗಳಿಗೆ ನಿಲ್ಲದೆ ಅದು ಹೀಗೆ ಬಡಿಯುತ್ತ ಇದೆ. ನಾನು ಅದನ್ನು ನೋಡಿದ್ದು ಅವತ್ತೇ ಮೊದಲು. ನೋಡುತ್ತ ನೋಡುತ್ತ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅದರ ಮೇಲೆ ಒಂದು ಪ್ರೀತಿ ಹುಟ್ಟಿತು.

ಆಮೇಲೆ ಬಣ್ಣ ಬಂತು, ಕೆಂಪು, ನೀಲಿ. ಕೆಂಪು ಶುದ್ಧ ರಕ್ತ, ನೀಲಿ ಕೆಟ್ಟ ರಕ್ತ ಅಂತ ನಾನು ತಿಳಿದೆ. ಹಾಗಲ್ಲವಂತೆ. ಪ್ರೋಬಿನ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವ ರಕ್ತ ನೀಲಿ. ಬರೀ ದಿಕ್ಕಿನ ಗುರುತು ಅದು. ಸಂದಿಯಲ್ಲಿ ರಭಸದಿಂದ ನುಗ್ಗಿದರೆ ಹಳದಿ, ಹಸಿರು ಎಲ್ಲ ಕಲೆತು ಕಾಣುತ್ತದೆ. ಅಷ್ಟರಲ್ಲಿ ಇದ್ದಕ್ಕಿದ್ದ ಹಾಗೆ ಮಶೀನಿನಿಂದ “ಹುಶ್... ಹುಶ್... ಹುಶ್” ಅಂತ ಜೋರು ಸದ್ದು. ನಾನು ಬೆಚ್ಚಿಬಿದ್ದೆ. ಡಾಪ್ಲರ್ ಅನ್ನುತ್ತಾರೆ ಅದಕ್ಕೆ. ರೈಲು ಹತ್ತಿರ ಬರುವಾಗ ಸೀಟಿ ಚೂಪಾಗಿ ಕೇಳುತ್ತದೆ, ದಾಟಿ ಹೋದ ಮೇಲೆ ದಪ್ಪ ಆಗುತ್ತದೆ ಅಲ್ವಾ, ಅದೇ ನಿಯಮ. ಆಸ್ಟ್ರಿಯಾದ ಕ್ರಿಸ್ಟಿಯನ್ ಡಾಪ್ಲರ್ 1842ರಲ್ಲೇ ಇದನ್ನು ಹೇಳಿದ್ದರು. ಸದ್ದು ಎಷ್ಟು ಬದಲಾಯಿತು ಅನ್ನುವುದರಿಂದ ರಕ್ತ ಎಷ್ಟು ಜೋರಾಗಿ ಹರಿಯುತ್ತಿದೆ ಅಂತ ಲೆಕ್ಕ ಹಾಕುತ್ತಾರೆ. ನಿಮಗೂ ಆ ಸದ್ದು ಕೇಳಿಸಿದರೆ ಗಾಬರಿ ಆಗಬೇಡಿ. ಏನೋ ಒಡೆದು ಸೋರುತ್ತಿದೆ ಅಂತ ಅಲ್ಲ. ಗಟ್ಟಿ ಹೃದಯದವರಿಗೂ ಅದು ಹಾಗೇ ಕೇಳಿಸುತ್ತದೆ.

ಇನ್ನೊಂದು ಮಾತು. ಡಾಕ್ಟರು ಬಹಳ ಹೊತ್ತು ಸುಮ್ಮನೆ ಇದ್ದರು. ಚಿತ್ರ ನಿಲ್ಲಿಸುವುದು, ಗೆರೆ ಎಳೆಯುವುದು, ಟಕ್ ಟಕ್ ಅಂತ ಒತ್ತುವುದು, ಮತ್ತೆ ಬಿಡುವುದು. ಆ ಮೌನ ಬಹಳ ಭಾರ. ಏನೋ ಕೆಟ್ಟದ್ದು ಕಂಡಿರಬೇಕು ಅಂತಲೇ ಮನಸ್ಸು ಹೇಳುತ್ತದೆ. ಅವರು ಅಳತೆ ತೆಗೆಯುತ್ತಿರುತ್ತಾರೆ. ಗೋಡೆಯ ದಪ್ಪ, ಕೋಣೆಯ ಅಗಲ, ವಾಲ್ವಿನ ಬಾಯಿ. ನಾವೂ ಅಳತೆ ಮಾಡುವಾಗ ಮಾತಾಡುವುದಿಲ್ಲವಲ್ಲ. ಎಲ್ಲ ಸೇರಿ ಅರ್ಧ ತಾಸು ಆಗಿರಬಹುದು. ಟಿಶ್ಯೂ ಕೊಟ್ಟರು, ಜೆಲ್ ಒರೆಸಿಕೊಂಡೆ. ಸೀರೆಗೆ ಹತ್ತಿದರೂ ನೀರಿನಲ್ಲಿ ಹೋಗುತ್ತದೆ.

ರಿಪೋರ್ಟ್ ಅರ್ಧ ತಾಸಿಗೆ ಕೈಗೆ ಬಂತು. ನೆಗೆಣ್ಣಿ ಅದರಲ್ಲಿ “ಇಎಫ್ 60%” ಅನ್ನುವುದನ್ನು ನೋಡಿ ಮುಖ ಸಣ್ಣ ಮಾಡಿದಳು. “ಯಕ್ಕಾ, ಇನ್ನ 40 ಎಲ್ಲಿ ಹೋತು?” ಅಂದಳು. ನನಗೂ ಕಾಲು ಸೋತವು. ಡಾಕ್ಟರ ಕೋಣೆಗೆ ಹೋದ ಮೇಲೆ ನಾನು ಮೊದಲು ಕೇಳಿದ್ದೇ ಅದನ್ನು. ಅವರು ಮೇಜಿನ ಮೇಲಿನ ನೀರಿನ ಲೋಟ ಎತ್ತಿ ತೋರಿಸಿ ಹೇಳಿದರು. ಹೃದಯದ ಎಡಗಡೆಯ ಕೆಳಗಿನ ಕೋಣೆ ತುಂಬಿದಾಗ ಸುಮಾರು 120 ಎಂಎಲ್ ರಕ್ತ ಹಿಡಿಯುತ್ತದೆ. ಒಮ್ಮೆ ಹಿಂಡಿದಾಗ ಅದರಲ್ಲಿ 70 ಎಂಎಲ್ ಹತ್ತಿರ ಹೊರಗೆ ಹೋಗುತ್ತದೆ. ಉಳಿದದ್ದು ಒಳಗೇ ಇರುತ್ತದೆ, ಇರಲೇಬೇಕು. ಯಾವ ಹೃದಯವೂ ಪೂರ್ತಿ ಬರಿದಾಗುವುದಿಲ್ಲ. ಹೀಗೆ ಹೊರಗೆ ಹೋಗುವ ಪಾಲೇ ಇಎಫ್. ಅದು ನೂರಕ್ಕೆ 55ರಿಂದ 70ರ ತನಕ ಇದ್ದರೆ ಸರಿಯಾಗಿದೆ ಅಂತ. 40ಕ್ಕಿಂತ ಕೆಳಗೆ ಹೋದರೆ ಹೃದಯ ಸೋತಿದೆ ಅಂತ. “ನಿಮ್ಮ ಹೃದಯದ ಹಿಂಡೂ ಶಕ್ತಿ ಚೊಲೋ ಐತ್ರಿ” ಅಂದರು. ನೂರಕ್ಕೆ 60 ಅಂತ ನೋಡಿ ಎಷ್ಟು ಜನ ರಾತ್ರಿ ನಿದ್ದೆ ಕಳೆದುಕೊಂಡಿರಬಹುದು! ಇದನ್ನು ರಿಪೋರ್ಟ್ ಕೈಗೆ ಕೊಡುವಾಗಲೇ ಹೇಳಿದರೆ ಎಷ್ಟು ಒಳ್ಳೆಯದು.

ನನ್ನ ತೊಂದರೆ ಇದ್ದದ್ದು ವಾಲ್ವಿನಲ್ಲಿ. ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಮೈಟ್ರಲ್ ವಾಲ್ವ್. ಅದರ ಎಸಳು ದಪ್ಪ ಆಗಿವೆ, ತುದಿ ಅಂಟಿಕೊಂಡಿದೆ, ತೆರೆದಾಗ ಹಾಕಿ ಸ್ಟಿಕ್ ಹಾಗೆ ಬಾಗಿ ಕಾಣುತ್ತದೆ ಅಂತ ಕಂಪ್ಯೂಟರಿನಲ್ಲಿ ತೋರಿಸಿದರು. ಬೆಟಗೇರಿ ಹುಡುಗರು ಹಾಕಿ ಆಡುವುದನ್ನು ನೋಡುತ್ತ ಬೆಳೆದವಳು ನಾನು. ಥಟ್ಟನೆ ಗುರುತು ಸಿಕ್ಕಿತು. ಆ ಬಾಯಿ 4ರಿಂದ 6 ಚದರ ಸೆಂಟಿಮೀಟರ್ ಇರಬೇಕು. ನನ್ನದು 1.8. ಆರಂಭದ ಹಂತ, ಈಗ ಆಪರೇಷನ್ ಆಗಲಿ, ಬಲೂನ್ ಬಿಟ್ಟು ವಾಲ್ವಿನ ಬಾಯಿ ಅಗಲ ಮಾಡುವುದಾಗಲಿ ಬೇಕಿಲ್ಲ ಅಂದರು.

“ಸಣ್ಣಾಕಿ ಇದ್ದಾಗ ಜ್ವರ ಬಂದು ಕೀಲು ಬಾತಿದ್ವೇನು?” ಅಂತ ಕೇಳಿದರು. ಬಾತಿದ್ದವು. ನಾನು ನಾಲ್ಕನೇ ಇಯತ್ತೆಯಲ್ಲಿದ್ದೆ. ಗಂಟಲು ನೋವು ಹೋಗಿ ಕೆಲವು ವಾರದ ಮೇಲೆ ಮೊಣಕಾಲು ಬಾತು, ಅದು ಇಳಿದು ಮುಂಗೈ ಬಾತು, ಒಂದು ತಿಂಗಳು ಸಾಲಿಗೆ ಹೋಗಿರಲಿಲ್ಲ. ವಾತ ಅಂತ ಎಣ್ಣೆ ತಿಕ್ಕಿದ್ದರು. ಆ ಜ್ವರ ಕೀಲಿಗೆ ಬಂದು ಹೋಗುತ್ತದೆ, ವಾಲ್ವಿನಲ್ಲಿ ಮಾತ್ರ ಉಳಿದುಬಿಡುತ್ತದಂತೆ. ಗಂಟಲಿನ ಒಂದು ಸೋಂಕಿನಿಂದ ಶುರುವಾಗುವ ಕಾಯಿಲೆ ಅದು. ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ. ಹೊತ್ತಿಗೆ ಸರಿಯಾಗಿ ಔಷಧ ಕೊಟ್ಟರೆ, ಪೆನಿಸಿಲಿನ್ ಇಂಜೆಕ್ಷನ್ ತಪ್ಪದೆ ಮಾಡಿಸಿದರೆ ವಾಲ್ವ್ ಉಳಿಸಬಹುದು. ನಿಮ್ಮ ಮನೆಯ ಮಕ್ಕಳಿಗೆ ಗಂಟಲು ನೋವು, ಜ್ವರ ಆದ ಮೇಲೆ ಒಂದು ಕೀಲಿನಿಂದ ಇನ್ನೊಂದಕ್ಕೆ ನೋವು ಓಡಾಡಿದರೆ ದಯವಿಟ್ಟು ಎಣ್ಣೆ ಹಚ್ಚಿ ಕೂರಬೇಡಿ. ಡಾಕ್ಟರಿಗೆ ತೋರಿಸಿ. ಅವ್ವನ ದಮ್ಮು, ಕಾಲಿನ ಬಾವು ಕೂಡ ಇದರಿಂದಲೇ ಇರಬಹುದಿತ್ತೇ? ಕೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು. “ನೋಡದ ಹ್ಯಾಂಗ ಹೇಳೂದ್ರಿ?” ಅಂದರು.

ನನ್ನ ಈಗಿನ ತೇಕಿಗೆ ವಾಲ್ವಿಗಿಂತ ರಕ್ತ ಕಡಿಮೆ ಆದದ್ದೇ ಹೆಚ್ಚಿನ ಕಾರಣ. ಮುಟ್ಟಿನಲ್ಲಿ ಬಹಳ ಹೋಗುತ್ತಿತ್ತು, ನಾನು ಯಾರಿಗೂ ಹೇಳಿರಲಿಲ್ಲ. ರಕ್ತ ಕಡಿಮೆ ಆದರೆ ಹೃದಯ ಬೇಗ ಬೇಗ ಬಡಿಯುತ್ತದೆ, ಸಣ್ಣ ಬಾಯಿಯ ವಾಲ್ವಿಗೆ ಆಗ ರಕ್ತ ದಾಟಿಸಲು ಹೊತ್ತು ಸಾಲುವುದಿಲ್ಲ. ಕಬ್ಬಿಣದ ಗುಳಿಗೆ ಕೊಟ್ಟರು, ಹೆಣ್ಣುಮಕ್ಕಳ ಡಾಕ್ಟರಿಗೆ ಚೀಟಿ ಬರೆದರು. ವರ್ಷದ ಮೇಲೆ ಮತ್ತೆ ಎಕೋ.

ಹೊರಗೆ ಬರುವಾಗ ತಮ್ಮ ಕೇಳಿದ, “ಬ್ಲಾಕ್ ಏನೂ ಇಲ್ಲ ಅಂದಂಗಾತಲ್ಲ?” ನಾನು ವಾಪಸ್ ಹೋಗಿ ಕೇಳಿದೆ. ಎಕೋದಲ್ಲಿ ಬ್ಲಾಕ್ ಕಾಣುವುದಿಲ್ಲ. ಹೃದಯದ ಗೋಡೆ, ಕೋಣೆ, ವಾಲ್ವ್ ಕಾಣುತ್ತವೆ. ಗೋಡೆಯ ಒಂದು ಭಾಗ ಸರಿಯಾಗಿ ಅಲುಗದಿದ್ದರೆ ಅಲ್ಲಿಗೆ ರಕ್ತ ಸಾಲುತ್ತಿಲ್ಲ ಅಂತ ಅನುಮಾನ ಪಡಬಹುದು. ಆದರೆ ಹೃದಯಕ್ಕೇ ರಕ್ತ ಕೊಡುವ ಸಣ್ಣ ನಾಳಗಳೊಳಗೆ ಕೊಬ್ಬು ಕಟ್ಟಿದೆಯೇ ಅನ್ನುವುದಕ್ಕೆ ಆಂಜಿಯೋಗ್ರಾಂ ಬೇಕು. ಇದು ಬಹಳ ಮುಖ್ಯ. ಎಕೋ ನಾರ್ಮಲ್ ಬಂತು ಅಂತ ನಡೆದಾಗ ಬರುವ ಎದೆನೋವನ್ನು ಅಲಕ್ಷ್ಯ ಮಾಡಬೇಡಿ.

ಸಂಜೆಯ ಗಾಡಿಗೆ ಗದಗಿಗೆ ಬಂದೆವು. ಮರುದಿನ ಕೇಂದ್ರದಲ್ಲಿ ನನಗೆ ಬಡಿಯುವ ಕೆಲಸ ಬಿಡಿಸಿ ರೊಟ್ಟಿ ಎಣಿಸಿ ಕಟ್ಟುವುದಕ್ಕೆ ಕೂರಿಸಿದರು. ಎಲ್ಲ ಹೇಳಿದೆ. ಓಣಿಯ ಆ ಇಬ್ಬರಲ್ಲಿ ದೊಡ್ಡಾಕೆಗೆ ಒಂದು ವರ್ಷದಿಂದ ಸಂಜೆಗೆ ಕಾಲು ಬಾಯುತ್ತಿದ್ದವು. ಡಾಕ್ಟರು ಎಕೋ ಬರೆದುಕೊಟ್ಟ ಚೀಟಿ ಆಕೆಯ ಮನೆಯ ಮಾಡದಲ್ಲಿ ಆರು ತಿಂಗಳಿಂದ ಇದೆ ಅಂತ ಅವತ್ತೇ ನಮಗೆ ಗೊತ್ತಾಯಿತು. ಆಕೆ ಬಾಗಿಲ ಕಡೆ ನೋಡಿ, ದನಿ ಇಳಿಸಿ, “ಪೂರಾ ತೆಗಿಬೇಕಾಗತೈತೇನ?” ಅಂತ ಕೇಳಿದಳು.

ನಾನು ಹಿಟ್ಟಿನ ಚೀಲದ ಪಕ್ಕ ಚಾಪೆ ಹಾಸಿ ಮಲಗಿದೆ. ಎಡ ಮಗ್ಗುಲಿಗೆ ಹೊರಳಿದೆ. ಕೈ ತಲೆಯ ಕೆಳಗೆ ಇಟ್ಟೆ. ಸೆರಗನ್ನು ಹೇಗೆ ಹೊದ್ದುಕೊಳ್ಳಬೇಕು, ಎಷ್ಟು ಸರಿಸಬೇಕು, ಎಲ್ಲೆಲ್ಲಿ ಪ್ರೋಬ್ ಇಡುತ್ತಾರೆ, ಎಲ್ಲ ತೋರಿಸಿದೆ. ನೆಗೆಣ್ಣಿ ಲಟ್ಟಣಿಗೆ ಹಿಡಿದು ಡಾಕ್ಟರ ಜಾಗದಲ್ಲಿ ಕೂತಳು. ದೊಡ್ಡಾಕೆ ಹಂಚಿನ ಮೇಲಿನ ರೊಟ್ಟಿಯನ್ನು ಮರೆತು ನೋಡುತ್ತ ನಿಂತಳು. ಆಮೇಲೆ ಉರಿ ಸಣ್ಣ ಮಾಡಿ ಬಂದು ತಾನೂ ಚಾಪೆಯ ಮೇಲೆ ಮಲಗಿ ನೋಡಿದಳು.

“ಗುರುವಾರ ಹೋಗೂಣು?” ಅಂದಳು. “ನೀ ಒಳಗ ಬರ್ತಿ ಹೌದಲ್ಲೋ?”

ಬರ್ತೀನಿ ಅಂದೆ.